ರೊಂಡೋನ್ ಎಂದು ಕೂಗಿದಾಗ

ಟ್ರಿನಿದಾದ್, ದಕ್ಷಿಣದ ಕಡಲಂಚು
ಅಕ್ಟೋಬರ್ ೧೩, ೨೦೧೯, ಭಾನುವಾರ

ಅಮ್ಮಾ, ಆಶೀರ್ವಾದ ಮಾಡು.

ಮಾಡಿದೆ ಎಂದುಕೊಂಡೇ ಮುಂದೆ ಬರೆಯುತ್ತೇನೆ. ಮಕ್ಕಳು ಹಾಗೆ ಕೇಳಿದ ಮೇಲೆ ‘ದೇವರು ಒಳ್ಳೇದು ಮಾಡ್ಲಿ’ ಎನ್ನದೆ ಬಿಟ್ಟವಳಲ್ಲ ನೀನು. ಎಷ್ಟೇ ಸಿಟ್ಟಿದ್ದರೂ ಗೊಣಗಿಕೊಂಡಾದರೂ ಅನ್ನುತ್ತಿದ್ದೆ. ಈಗಲೂ ಅಂದಿರುತ್ತೀಯ.

ಎಣ್ಣೆ ಬಾಟಲಿ ಸಿಕ್ಕಿತು. ಹೋದ ಬುಧವಾರ ಎವೆಲಿಯೋ ದೋಣಿ ಕಟ್ಟಿ, ಏಡಿ ಬುಟ್ಟಿಗಳನ್ನು ಇಳಿಸಿ, ಕೊನೆಗೆ ಅಂಗಿಯೊಳಗಿಂದ ಹಳೇ ಪೇಪರಿನಲ್ಲಿ ಸುತ್ತಿದ ಬಾಟಲಿ ತೆಗೆದು ಕೊಟ್ಟ. ಬಿಚ್ಚುವ ಮೊದಲೇ ವಾಸನೆಯಿಂದ ಗೊತ್ತಾಯಿತು. ಹರಳೆಣ್ಣೆಯಲ್ಲಿ ಏನೇನೋ ಬೇರು ಹಾಕಿ ಕುದಿಸುವ ನಿನ್ನ ಉಳುಕಿನ ಎಣ್ಣೆ. ನಾನು ನಮ್ಮ ದೇಶ ಬಿಟ್ಟು ಕಡಲು ದಾಟಿ ಈ ದಡಕ್ಕೆ ಬಂದು ಒಂದೂವರೆ ವರ್ಷವಾಯಿತು. ಅಕ್ಕಿ ಕಳಿಸಿದೆ, ಹಿಟ್ಟು ಕಳಿಸಿದೆ, ಸೋಪು ಕಳಿಸಿದೆ, ನಿನ್ನ ಕಡೆಯಿಂದ ಪಿಟ್ ಎನ್ನುವ ಸದ್ದಿಲ್ಲ. ನಿನ್ನಿಂದ ಬಂದ ಮೊದಲ ವಸ್ತು ಈ ಬಾಟಲಿ. ಜೊತೆಗೆ ಒಂದು ಚೀಟಿಯಾದರೂ ಇರಬಹುದೆಂದು ಪೇಪರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ.

“ಏನಾದ್ರೂ ಹೇಳಿದ್ಲಾ?” ಎಂದು ಎವೆಲಿಯೋನನ್ನು ಕೇಳಿದೆ.

“‘ಕೊಡು’ ಅಂದ್ಲು.”

“ಅಷ್ಟೇನಾ?”

“‘ಒಡೆದು ಹಾಕ್ಬೇಡ’ ಅಂದ್ಲು. ಅದು ನಂಗಂದಿದ್ದು, ಬಾಟ್ಲಿ ವಿಷ್ಯ,” ಎಂದು ತಲೆ ಕೆರೆದುಕೊಂಡ.

ನೋಡಮ್ಮ, ಬಾಟಲಿ ಬಂದ ದಿನ ನನ್ನ ಎಡಗೈ ಆಗಲೇ ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರಿನೊಳಗಿತ್ತು. ಗೋಡೆಗೆ ಎಣ್ಣೆ ಹಚ್ಚಿದರೆ ಎಷ್ಟು ಪ್ರಯೋಜನವೋ ಅಷ್ಟೇ ಪ್ರಯೋಜನ ಈಗ ನಿನ್ನ ಎಣ್ಣೆಯಿಂದ. ಬೇಕಾದಾಗ ಇಲ್ಲ, ಬೇಡವಾದಾಗ ಬಂತು. ಸಿಟ್ಟು ಬರುವುದಿಲ್ಲವೇ? ಬಾಟಲಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ. ವಾಸನೆಗೆ ಪಕ್ಕದ ಕೋಣೆಯವರು ಕಿಟಕಿ ತೆರೆದು ಮಲಗುತ್ತಿದ್ದಾರೆ. ತೆರೆದುಕೊಳ್ಳಲಿ.

ಎವೆಲಿಯೋ ನಿನಗೆ ಏನೇನು ಹೇಳಿದ್ದಾನೋ ಗೊತ್ತಿಲ್ಲ. ಬಿದ್ದಳು ಎಂದಷ್ಟೇ ಹೇಳಿದೆ ಎಂದು ಆಣೆ ಹಾಕುತ್ತಾನೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ನಂಬಬೇಡ. ಅದರ ಹಿಂದಿನ ಬುಧವಾರ ನಿನಗೆ ಹಿಟ್ಟು ಕಳಿಸಲು ಜೆಟ್ಟಿಗೆ ಹೋಗಿದ್ದೆ. ಹಲಗೆಯ ಮೇಲೆ ಮೀನಿನ ಲೋಳೆಯಿತ್ತು, ಜಾರಿದೆ, ಎಡಗೈ ಊರಿದೆ. ಇದರಲ್ಲಿ ದೊಡ್ಡ ಕಥೆ ಏನಿಲ್ಲ. ಕಥೆ ಶುರುವಾಗುವುದು ಆಸ್ಪತ್ರೆಯಲ್ಲಿ. ಆ ಸಿಟ್ಟು ಇನ್ನೂ ಇಳಿದಿಲ್ಲ, ಯಾರ ಹತ್ತಿರವಾದರೂ ಕಾರಿಕೊಳ್ಳಲೇಬೇಕು. ನಿನ್ನ ಫೋನು ಹಾಳಾಗಿದೆ. ಸರಿಯಿದ್ದಿದ್ದರೂ ಮೂರನೇ ಮಾತಿಗೆ ನಾವಿಬ್ಬರೂ ಫೋನ್ ಇಟ್ಟುಬಿಡುತ್ತಿದ್ದೆವು. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ಮೊದಲು ನನ್ನ ಕೆಲಸ ಯಾವುದೆಂದು ಹೇಳಬೇಕು, ನೀನಂತೂ ಕೇಳುವವಳಲ್ಲ. ದುಲಾರಿ ಎಂಬಾಕೆಯ ಡಬಲ್ಸ್ ಗಾಡಿಯಲ್ಲಿದ್ದೇನೆ. ಅವಳ ಮುತ್ತಜ್ಜಿ ಭಾರತದಿಂದ ಹಡಗಿನಲ್ಲಿ ಬಂದವಳಂತೆ. ಮೆತ್ತನೆಯ ಹಿಟ್ಟನ್ನು ಎಣ್ಣೆಗೈಯಲ್ಲಿ ತಟ್ಟಿ ತೆಳ್ಳಗೆ ಮಾಡಿ ಕರಿದರೆ ಬಾರಾ. ಎರಡು ಬಾರಾದ ನಡುವೆ ಕಡಲೆ ಪಲ್ಯ ಹಾಕಿದರೆ ಡಬಲ್ಸ್. ತಟ್ಟುವ ಕೆಲಸ ನನ್ನದು. ಅದಕ್ಕೆ ಎರಡು ಅಂಗೈ ಬೇಕು, ಎರಡೂ ಮಣಿಕಟ್ಟು ನೆಟ್ಟಗೆ ಬಾಗಬೇಕು. ಒಂದು ಸೊಟ್ಟಗಾದರೆ ನನ್ನ ಕೆಲಸ ಹೋಯಿತು. ದುಲಾರಿಯ ನಾದಿನಿ ಆ ಜಾಗದ ಮೇಲೆ ಯಾವಾಗಿನಿಂದಲೋ ಕಣ್ಣಿಟ್ಟು ಕೂತಿದ್ದಾಳೆ.

ಹಾಗಾಗಿ ಕೈ ಊದಿದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ದುಲಾರಿ ನೋಡಿದವಳೇ, “ಅಯ್ಯೋ ಬೇಟಿ, ಇದೇನೇ ಇದು! ನನ್ನ ಬಾರಾ ಕೂಡ ಇಷ್ಟು ಚೆನ್ನಾಗಿ ಉಬ್ಬಲ್ವಲ್ಲೇ!” ಎಂದಳು. ಹೇಗಾಯಿತು ಎಂದಾಗ ನಾಯಿ ಅಡ್ಡ ಬಂತು ಎಂದೆ. ಅವಳು ತೆಂಗಿನ ಕಡ್ಡಿಗಳ ಕಟ್ಟು ತಂದು, ತಲೆಯಿಂದ ಕಾಲವರೆಗೆ ನಿವಾಳಿಸಿ, ಏನೋ ಮಣಮಣ ಹೇಳಿದಳು. “ಯಾರದ್ದೋ ಕಣ್ಣು ಬಿದ್ದಿದೆ ನಿನ್ನ ಮೇಲೆ. ಹೊಟ್ಟೆ ಉರ್ಕೊಂಡಿದಾರೆ.” ಹಿಟ್ಟು ಮೆತ್ತಿದ ನನ್ನ ಈ ಮೂತಿ ನೋಡಿ ಹೊಟ್ಟೆ ಉರಿದುಕೊಳ್ಳುವ ಪುಣ್ಯಾತ್ಮರು ಯಾರೋ ಕಾಣೆ. ನೀನು ಎಲೆಗಳಲ್ಲಿ ಮಾಡುವುದನ್ನು ಅವಳು ಕಡ್ಡಿಯಲ್ಲಿ ಮಾಡುತ್ತಾಳೆ. ಮಣಮಣ ಮಾತ್ರ ಒಂದೇ ಥರ ಕೇಳಿಸಿತು.

ಅಲ್ಲಿಂದ ಹತ್ತಿರದ ಚಿಕ್ಕ ದವಾಖಾನೆಗೆ ಹೋದೆ. ನರ್ಸು ಊಟ ಮುಗಿಸಿ ಬರುವವರೆಗೆ ಬಾಗಿಲಲ್ಲಿ ಕೂತೆ. ಬಂದವಳು ಕೈಯನ್ನು ದೂರದಿಂದಲೇ ನೋಡಿ, “ಆಡ್ಸು” ಎಂದಳು.

“ಆಡ್ಸೋಕೆ ಬರಲ್ಲ.”

“ಹಾಗಾದ್ರೆ ಮುರಿದಿರ್ಬೇಕು.”

ನೋವು ತಡೆದು ಹೇಗೋ ಒಂದು ಬೆರಳು ಆಡಿಸಿ ತೋರಿಸಿದೆ. “ಆಡಿದ್ರೂ ಮುರಿದಿರ್ಬೋದು. ಇಲ್ಲಿ ಎಕ್ಸ್‌ರೇ ಇಲ್ಲ, ಪಟ್ಟಣಕ್ಕೆ ಹೋಗು,” ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದಳು. ಇದನ್ನು ಹೇಳಲು ನನ್ನ ಕೈ ಆಡಿಸಬೇಕಾಗಿತ್ತೇ?

ಮರುದಿನ ಗುರುವಾರ, ದುಲಾರಿಯ ಓಢನಿಯನ್ನು ಜೋಳಿಗೆಯಂತೆ ಕೊರಳಿಗೆ ಕಟ್ಟಿಕೊಂಡು, ಕೈಯನ್ನು ಅದರಲ್ಲಿ ಮಲಗಿಸಿ, ವ್ಯಾನಿನಲ್ಲಿ ಪ್ರತಿ ಗುಂಡಿಗೂ ಹಲ್ಲು ಕಚ್ಚುತ್ತ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋದೆ. ಕಿಟಕಿಯಲ್ಲಿ ಸರಪಳಿ ಹಾಕಿದ ಕನ್ನಡಕದ ಹೆಂಗಸು ಕೂತಿದ್ದಳು. ಹೆಸರು ಕೇಳಿದಳು. ನೊರೈಮಾ ಮಾರ್ಕಾನೋ ರೊಂಡೋನ್ ಎಂದೆ, ಗುರುತಿನ ಕಾರ್ಡನ್ನೂ ತೋರಿಸಿದೆ. ಟಕಟಕ ಎಂದು ಒತ್ತಿಕೊಂಡು, “ಕೂತ್ಕೊ, ಕರೀತಾರೆ” ಎಂದಳು. ಕೂತೆ.

ಪಕ್ಕದಲ್ಲಿ ಆಸ್ಟನ್ ಎಂಬ ಮುದುಕ, ಬೆಸ್ತರವನು. ಹೆಬ್ಬೆರಳಿನಲ್ಲಿ ಗಾಳ ಚುಚ್ಚಿಕೊಂಡು ಅದನ್ನು ಎದೆಯ ಮೇಲೆ ಇಟ್ಟುಕೊಂಡು ಕೂತಿದ್ದ, ಪದಕ ಹಾಕಿಕೊಂಡವನಂತೆ. ನೋವಾಗುತ್ತಿಲ್ಲವೇ ಎಂದು ಕೇಳಿದೆ. “ಮೀನನ್ನ ಕೇಳು ಮಗಾ. ಅದಕ್ಕೆ ಬಾಯೊಳಗೇ ಚುಚ್ಕೊಳತ್ತೆ,” ಎಂದ. ಇಲ್ಲಿ ಎಲ್ಲರೂ ನಾನಾಡುವ ಭಾಷೆಯ ಹೆಸರು ಹಿಡಿದು ನನ್ನನ್ನು ಸ್ಪ್ಯಾನಿಶ್ ಎಂದೇ ಕರೆಯುವುದು. ಅವನೊಬ್ಬ ಮಗಾ ಎಂದ, ಅದಕ್ಕೇ ಅವನ ಪಕ್ಕ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಒಳಬಾಗಿಲಿನಿಂದ ನರ್ಸು ತಲೆ ಹಾಕಿ, “ರೊಂಡೋನ್!” ಎಂದು ಕೂಗಿದಳು.

ಅಮ್ಮ, ನನ್ನ ಎದೆ ಹಾರಿತು. ನನ್ನನ್ನು ಕರೆದರು ಎಂದಲ್ಲ. ನಾನು ಮಾರ್ಕಾನೋ, ಸ್ಕೂಲಿನಲ್ಲಿ, ಚರ್ಚಿನಲ್ಲಿ, ಎಲ್ಲೂ ನನ್ನನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ರೊಂಡೋನ್ ಎಂದರೆ ನಿನ್ನ ತವರಿನವರು. ಈ ದ್ವೀಪದಲ್ಲಿ ನಿನ್ನ ತವರಿನವರೊಬ್ಬರು ಇದೇ ಕೋಣೆಯಲ್ಲಿ ಕೂತಿದ್ದಾರಲ್ಲ ಎಂದು ಎದೆ ಹಾರಿದ್ದು. ಹಸಿಂತೋ ಮಾವನ ಮಗಳು ದಾಟಿ ಬಂದಿದ್ದಾಳೆ ಎಂದು ಯಾರೋ ಹೇಳಿದ್ದರು. ಅವಳೇ ಇರಬೇಕು ಎಂದುಕೊಂಡು ಎದ್ದು ನಿಂತು ಸುತ್ತ ನೋಡಿದೆ. ಯಾರೂ ಏಳಲಿಲ್ಲ. ನರ್ಸು ಹೋದಳು.

ಸುಮ್ಮನೆ ಕೂರಲಾಗಲಿಲ್ಲ. ಮುರಿದ ಕೈ ಹೊತ್ತುಕೊಂಡು ಸಾಲು ಸಾಲು ಸುತ್ತಿದೆ. ನಮ್ಮ ಕಡೆಯ ಮುಖದ ಒಬ್ಬ ಬಸುರಿ ಕಂಡಳು. “ನೀನು ರೊಂಡೋನಾ?” ಎಂದೆ. ಅವಳು ನಮ್ಮ ದೇಶದವಳೇ, ಆದರೆ ತುಕುಪಿತ ಊರಿನವಳಂತೆ, ಅಲ್ಲ ಎಂದಳು. ಗೋಡೆಗೊರಗಿ ನಿದ್ದೆ ಹೋಗಿದ್ದ ಹೆಂಗಸಿನ ಭುಜ ಅಲುಗಿಸಿ ಕೇಳಿದೆ. ಅವಳು ಬೈದಳು, ಅದೂ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಮತ್ತೆ, “ರೊಂಡೋನ್!” ಈ ಸಲ ನರ್ಸಿನ ದನಿಯಲ್ಲಿ ಬಿಸಿ ಇತ್ತು.

“ಆ ರೊಂಡೋನ್ ಯಾವಳೋ,” ಎಂದ ಆಸ್ಟನ್, “ಒಂದೋ ಕಿವುಡಿ, ಇಲ್ಲಾ ಸತ್ತೇ ಹೋಗಿದಾಳೆ.”

“ಕಿವುಡಿಯೂ ಅಲ್ಲ, ಸತ್ತೂ ಇಲ್ಲ. ಹಟಮಾರಿ,” ಎಂದೆ ನಾನು. “ಆ ಮನೆತನವೇ ಹಾಗೆ. ಕೂಗಿದ್ರೆ ಓಗೊಡೋ ಪೈಕಿ ಅಲ್ಲ.”

“ನಿಂಗೆ ಹ್ಯಾಗೆ ಗೊತ್ತು?”

“ನಮ್ಮಮ್ಮ ಅದೇ ಮನೆಯವಳು.”

ನಿನ್ನ ಬಗ್ಗೆ ಊರು ಬಿಟ್ಟ ಮೇಲೆ ಯಾರ ಹತ್ತಿರವೂ ಆಡದ ಮಾತುಗಳನ್ನೆಲ್ಲ ಆ ಮುದುಕನ ಹತ್ತಿರ ಆಡಿದೆ. ಅಡುಗೆಮನೆಯಿಂದ ಹತ್ತು ಸಲ ಕರೆದರೂ ನೀನು ಅಂಗಳದಿಂದ ತಿರುಗಿ ನೋಡುತ್ತಿರಲಿಲ್ಲ, ಬೇಕೆಂದರೆ ನೀನೇ ಬಾ ಎನ್ನುವ ಹಾಗೆ. ಮಾರ್ಕೆಟ್ಟಿನಲ್ಲಿ ಬುಟ್ಟಿ ಮುಂದೆ ಕೂತರೆ ಗಿರಾಕಿ ತಾನಾಗಿ ಬರಬೇಕು, ನೀನು ಕೂಗಿ ಕರೆದವಳಲ್ಲ. ಹೀಗೆಲ್ಲ ಹೇಳಿದೆ. ಮಧ್ಯೆ ಒಂದು ಸಲ ರೊಂಡೋನ್ ಎಂದು ಕೂಗಿದಾಗ ಇಬ್ಬರೂ ಸೇರಿ “ಬಾರೇ ಮಾರಾಯ್ತಿ!” ಎಂದು ಗೊಣಗಿದೆವು. ಆಮೇಲೆ ಆಸ್ಟನ್‌ನನ್ನು ಒಳಗೆ ಕರೆದರು. ನನ್ನ ನಂತರ ಬಂದವರು ಒಬ್ಬೊಬ್ಬರಾಗಿ ಪಟ್ಟಿ ಕಟ್ಟಿಸಿಕೊಂಡು ಹೋದರು. ಮಾರ್ಕಾನೋ ಎಂದು ಮಾತ್ರ ಯಾರೂ ಕರೆಯಲಿಲ್ಲ.

ಸಂಜೆ ಕಿಟಕಿಗೆ ಹೋಗಿ ಕೇಳಿದೆ. ಕನ್ನಡಕದವಳು ಮನೆಗೆ ಹೊರಟಿದ್ದಳು, ಕೈಚೀಲ ಆಗಲೇ ಹೆಗಲಲ್ಲಿತ್ತು.

“ಮಾರ್ಕಾನೋ ಅಂತ ಯಾರೂ ಇಲ್ವಲ್ಲ ಇಲ್ಲಿ.”

“ನಾನೇ ಇದೀನಲ್ಲ!”

ಪರದೆಯ ಮೇಲೆ ಹುಡುಕಿದಳು. “ನೊರೈಮಾ? ನೊರೈಮಾ ರೊಂಡೋನ್ ಅಂತಿದೆ. ಎಷ್ಟು ಸಲ ಕೂಗಿದಾರೆ ನಿನ್ನ! ಗೈರುಹಾಜರಿ ಹಾಕಿ ಫೈಲು ವಾಪಸ್ ಕಳ್ಸಿದಾರೆ. ಡಾಕ್ಟರು ಹೋದ್ರು. ನಾಳೆ ಬಾ.”

ನನ್ನ ಕೈಗಿಂತ ತಲೆ ಹೆಚ್ಚು ಸಿಡಿಯಿತು. ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ: ನಮ್ಮಲ್ಲಿ ಮೊದಲು ಬರುವುದು ಅಪ್ಪನ ಮನೆಯ ಹೆಸರು, ಕೊನೆಗೆ ಅಮ್ಮನದು, ಕರೆಯುವುದು ಅಪ್ಪನ ಹೆಸರಿನಿಂದ.

“ಇಲ್ಲಿ ಕೊನೇದ್ರಿಂದ ಕರೀತೀವಿ,” ಎಂದಳು. “ನೀನು ಈಗ ಇಲ್ಲೇ ತಾನೇ ಇರೋದು?”

ಕೈಚೀಲ ಸರಿಮಾಡಿಕೊಂಡು ಹೊರಟೇಹೋದಳು. ಬಾಗಿಲಲ್ಲಿ ಆಸ್ಟನ್ ಸಿಕ್ಕ, ಗಾಳ ತೆಗೆಸಿಕೊಂಡು, ಹೆಬ್ಬೆರಳಿಗೆ ಬಿಳಿ ಟೋಪಿ ಹಾಕಿಸಿಕೊಂಡು. ನಡೆದದ್ದನ್ನು ಹೇಳಿದೆ. ಕೆಮ್ಮು ಬರುವಷ್ಟು ನಕ್ಕ. “ಅಂದ್ರೆ ಬೆಳಗಿಂದ ನೀನು ನಿನ್ನನ್ನೇ ಹುಡುಕ್ತಾ ಇದ್ಯಾ!” ನನಗೆ ನಗು ಬರಲಿಲ್ಲ. ಒಂದು ದಿನ ಹಾಳು, ವ್ಯಾನಿನಲ್ಲಿ ಮತ್ತೆ ಅದೇ ಗುಂಡಿಗಳು, ಕೈ ಕಪ್ಪಗಾಗುತ್ತಿತ್ತು. ದಾರಿಯುದ್ದಕ್ಕೂ ಯಾರನ್ನು ಬೈಯಬೇಕೆಂದು ಹುಡುಕಿದೆ. ಕೊನೆಗೆ ನಿನ್ನನ್ನೇ ಬೈದುಕೊಂಡೆ. ನೀನು ಇಲ್ಲದ ಕಡೆಯೂ ನಿನ್ನ ಹಟ ನನಗೆ ಅಡ್ಡ ಬಂತಲ್ಲ ಎಂದು.

ಶುಕ್ರವಾರ ದುಲಾರಿ ಗಾಡಿ ಮುಚ್ಚಿ ನನ್ನ ಜೊತೆ ಬಂದಳು. ಗಾಡಿ ಮುಚ್ಚುವುದೆಂದರೆ ಅವಳಿಗೆ ಸಣ್ಣ ವಿಷಯವಲ್ಲ. ಅವಳ ಗಂಡ ಸತ್ತ ವಾರವೂ ಮುಚ್ಚಿರಲಿಲ್ಲವಂತೆ. ಕಿಟಕಿಯಲ್ಲಿ ಅದೇ ಕನ್ನಡಕ. ನನ್ನ ಹೆಸರನ್ನು ತಿದ್ದಿ ಎಂದೆ.

“ತಿದ್ದಬೋದು,” ಎಂದಳು. “ತಿದ್ದಿದ್ರೆ ಹೊಸ ಫೈಲು. ಹೊಸ ಫೈಲಂದ್ರೆ ಮತ್ತೆ ಮೊದ್ಲಿಂದ, ಮತ್ತೆ ಸಾಲಿನ ಕೊನೆಗೆ. ಮೂಳೆ ಡಾಕ್ಟರು ಇವತ್ತು ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಬರೋದು ಮುಂದಿನ ವಾರ. ಅಷ್ಟರಲ್ಲಿ ನಿನ್ನ ಮೂಳೆ ಹ್ಯಾಗೆ ಬೇಕೋ ಹಾಗೆ ಕೂಡ್ಕೊಳಕ್ಕೆ ಶುರುಮಾಡಿರತ್ತೆ.”

“ಆಮೇಲೆ?”

“ಆಮೇಲೆ ಮತ್ತೆ ಮುರಿದು ಕೂರಿಸ್ತಾರೆ. ಇಲ್ಲಾ ಸೊಟ್ಟಗೇ ಬಿಡ್ತಾರೆ. ರೊಂಡೋನ್ ಅಂತಲೇ ಇದ್ರೆ ನಿನ್ನೆ ಫೈಲು ಮೇಲ್ಗಡೆನೇ ಇದೆ, ಮೊದಲೈದು ಜನರೊಳಗೆ ಕರೀತಾರೆ. ಯೋಚ್ನೆ ಮಾಡು.”

“ತಿದ್ದಿ,” ಎಂದೆ.

ದುಲಾರಿ ನನ್ನ ಸರಿಯಿದ್ದ ತೋಳು ಹಿಡಿದು ಎಳೆದುಕೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸಿದಳು. “ಏನೇ ಹುಚ್ಚಿ! ಹೆಸರೇನು ಚಪ್ಲಿನಾ, ಅಳತೆ ಸರಿಯಾಗ್ಲಿಲ್ಲ ಅಂತ ವಾಪಸ್ ಕೊಡೋಕೆ? ನಿನ್ನಮ್ಮಂದೇ ತಾನೇ ಅದು?”

“ಹೌದು.”

“ಅವಳೇನು ಕಳ್ಳಿನಾ?”

“ಅಲ್ಲ.”

“ಮತ್ತೇನು ರೋಗ ನಿಂಗೆ?”

ಹೇಳಬಾರದು ಎಂದುಕೊಂಡಿದ್ದೆ. ಕೈ ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಹೇಳಿಬಿಟ್ಟೆ. ನಾನು ದೋಣಿ ಹತ್ತಿದ ಬೆಳಗ್ಗೆ ನೀನು ಮೀನಿನ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡೇ ಓಡಿಬಂದದ್ದು. ಪಕ್ಕದ ಮನೆಯ ಹುಡುಗಿ ಹೋದ ದೋಣಿ ದಡ ಸೇರದೆ ಇನ್ನೂ ತಿಂಗಳಾಗಿರಲಿಲ್ಲ, ನೀನು ಬೇಡವೆಂದಿದ್ದೆ, ನಾನು ಕೇಳಿರಲಿಲ್ಲ. ಎಲ್ಲರ ಎದುರಿಗೆ ನೀನು ಕೂಗಿ ಹೇಳಿದೆ: “ಹೋಗ್ತೀಯಾ? ಹೋಗು! ಅಲ್ಲಿ ಯಾರಾದ್ರೂ ಯಾರ ಮಗಳು ಅಂತ ಕೇಳಿದ್ರೆ ನನ್ನ ಹೆಸರು ಹೇಳ್ಬೇಡ!” ಎಂಜಿನ್ನಿನ ಸದ್ದಿನಲ್ಲೂ ಅದೊಂದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹೇಳಬೇಡ ಎಂದ ಹೆಸರಿಗೆ ನಾನು ಎದ್ದು ನಿಲ್ಲುವುದು ಹೇಗೆ? ನನಗೂ ಮಾನವಿದೆ.

ದುಲಾರಿ ಸ್ವಲ್ಪ ಹೊತ್ತು ಓಢನಿಯ ಗಂಟು ಸರಿಮಾಡಿದಳು. ಆಮೇಲೆ ಹೇಳಿದಳು, “ನನ್ನ ಮಗಳು ಕೆನಡಾಕ್ಕೆ ಹೋದ ದಿನ ನಾನು ಇದಕ್ಕಿಂತ ಕೆಟ್ಟದಾಗಿ ಅಂದಿದೀನಿ. ವಿಮಾನ ಮೇಲೇರಿ ಚುಕ್ಕೆ ಆಗೋವರೆಗೂ ಬೈದೆ. ಹೆದರಿಕೆ ಆದಾಗ ನಮ್ಮಂಥೋರಿಗೆ ಬರೋದು ಅದೊಂದೇ.” ಮತ್ತೆ ನನ್ನ ಮುಖ ನೋಡಿ ಕೆರಳಿದಳು. “ಅಲ್ವೇ, ಹೋಗ್ಬೇಡ ಅಂದ್ಲು, ಬಂದೆ. ದೋಣಿ ಹತ್ಬೇಡ ಅಂದ್ಲು, ಹತ್ತಿದೆ. ಹುಟ್ಟಿದಾಗಿನಿಂದ ಅಮ್ಮನ ಮಾತು ಒಂದೂ ಕೇಳ್ದೋಳು ಇದೊಂದನ್ನ ಮಾತ್ರ ನಿಯತ್ತಾಗಿ ಪಾಲಿಸ್ತೀಯಾ? ಕೈ ಸೊಟ್ಟ ಮಾಡ್ಕೊಂಡು?”

ಇದಕ್ಕೆ ಉತ್ತರ ನಿನಗಾದರೂ ಹೊಳೆಯುತ್ತದೆಯೇ ಹೇಳು.

“ರೊಂಡೋನ್!” ಎಂದು ಒಳಗಿನಿಂದ ಕೂಗಿದರು. ಕೋಣೆಯಲ್ಲಿ ಎಲ್ಲರೂ ಅತ್ತಿತ್ತ ನೋಡಿದರು. ಎದ್ದು ನಿಂತೆ. “ನಾನೇ,” ಎಂದೆ. ನಿನ್ನೆಯ ಅದೇ ನರ್ಸು, “ಓಹೋ, ದಯಮಾಡ್ಸಿ ಮಹಾರಾಣಿ! ನಿನ್ನೆ ಗಂಟ್ಲು ಹರ್ಕೊಂಡೆ ನಿಂಗೋಸ್ಕರ,” ಎಂದಳು. ನಾನು ತಲೆ ತಗ್ಗಿಸಿ ಒಳಗೆ ಹೋದೆ.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಮುರಿದು ಪಕ್ಕಕ್ಕೆ ಸರಿದಿತ್ತು. ಡಾಕ್ಟರು ಚಿಕ್ಕ ವಯಸ್ಸಿನವನು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಮಾತಿಗೇನೂ ಕಡಿಮೆಯಿಲ್ಲ. ಹೇಗೆ ಬಿದ್ದೆ ಎಂದು ಕೇಳಿದ. ಮೆಟ್ಟಿಲಿಳಿಯುವಾಗ ಎಂದೆ.

“ಮೆಟ್ಲು ಇಳಿಯೋರು ಹಿಂಗೆ ಬೀಳಲ್ಲ. ಇದು ಓಡ್ತಾ ಇದ್ದೋರು ಬಿದ್ದಿರೋ ಕೈ. ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ? ಗಂಡ ಗಿಂಡ?”

“ಗಂಡ ಇಲ್ಲ.”

“ಹಾಗಾದ್ರೆ ನೀನೇ ಯಾರ್ನೋ ಅಟ್ಟಿಸ್ಕೊಂಡು ಹೋಗಿರ್ಬೇಕು.”

ಕೈ ನೋಡೋ ಕೆಲಸ ನೋಡಪ್ಪ ಎಂದು ನಮ್ಮ ಭಾಷೆಯಲ್ಲೇ ಅಂದೆ. ಅವನಿಗೆ ಅರ್ಥವಾಯಿತೋ ಏನೋ, ಸೂಜಿ ಚುಚ್ಚಿದ. ಆಸ್ಪತ್ರೆಯ ಆಳೊಬ್ಬ ಮೊಣಕೈ ಹಿಡಿದುಕೊಂಡ, ಇವನು ಬೆರಳು ಹಿಡಿದು ಎಳೆದ. ಆಗ ನಾನು ಏನೆಂದು ಕೂಗಿದೆ ಎಂಬುದನ್ನು ಬರೆಯುವುದಿಲ್ಲ. ನೋವಾದಾಗ ಎಲ್ಲರೂ ಯಾರನ್ನು ಕೂಗುತ್ತಾರೋ ಅವರನ್ನೇ ಕೂಗಿದೆ. ಹೊರಗೆ ಕೂತಿದ್ದ ದುಲಾರಿಗೂ ಕೇಳಿಸಿತಂತೆ.

ಮೂಳೆ ನೆಟ್ಟಗೆ ಕೂತಿದೆ ಎನ್ನುತ್ತಾನೆ ಡಾಕ್ಟರು. ನಿಜವಾಗಿ ಗೊತ್ತಾಗುವುದು ನವೆಂಬರಿನಲ್ಲಿ ಪ್ಲಾಸ್ಟರ್ ಒಡೆದ ಮೇಲೆ. ಆಗ ಕೈ ಮರದ ಕೊರಡಿನಂತೆ ಬಿರುಸಾಗಿರುತ್ತದಂತೆ. ಬಿಸಿನೀರು, ಎಣ್ಣೆ, ದಿನಾ ತಿಕ್ಕಿ ಬಾಗಿಸಬೇಕು, ಇಲ್ಲದಿದ್ದರೆ ಬಾಗುವುದನ್ನೇ ಮರೆತುಬಿಡುತ್ತದೆ. “ಮನೇಲಿ ತಿಕ್ಕೋರು ಯಾರಾದ್ರೂ ಇದಾರಾ?” ಎಂದು ಕೇಳಿದ. ಇದ್ದಾರೆ ಎಂದೆ. ಯಾಕೆ ಹಾಗೆಂದೆನೋ. ದುಲಾರಿಯ ಕೈಗೆ ಹಿಟ್ಟು ನಾದುವ ಬಲವಿದೆ, ಮುರಿದ ಕೈ ಕಂಡರೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಪಕ್ಕದ ಕೋಣೆಯವರು ನಿನ್ನ ಎಣ್ಣೆಯ ಮುಚ್ಚಳ ತೆಗೆದರೆ ಮನೆಯನ್ನೇ ಬಿಟ್ಟು ಹೋಗುತ್ತಾರೆ.

ಈಗ ಒಂದು ಕೈಯಲ್ಲಿ ಕಡಲೆ ಪಲ್ಯ ಬಡಿಸುತ್ತೇನೆ. ಬಾರಾ ತಟ್ಟಲು ನಾದಿನಿ ಬಂದಿದ್ದಾಳೆ. ಅವಳು ತಟ್ಟಿದ್ದನ್ನು ಬಾಗಿಲಿಗೆ ಹೊಡೆದರೆ ಬಾಗಿಲೇ ಮುರಿಯುತ್ತದೆ. ಗಿರಾಕಿಗಳು “ಸ್ಪ್ಯಾನಿಶ್ ಕೈ ಯಾವಾಗ ವಾಸಿಯಾಗತ್ತೆ?” ಎಂದು ಕೇಳುತ್ತಾರೆ. ಆಗಿಯೇ ಆಗುತ್ತದೆ ಎಂದು ದುಲಾರಿ ನನಗಿಂತ ಮೊದಲು ಉತ್ತರ ಕೊಡುತ್ತಾಳೆ. ಕೊಟ್ಟಾದ ಮೇಲೆ ನನ್ನ ಪ್ಲಾಸ್ಟರನ್ನು ಓರೆಗಣ್ಣಿನಲ್ಲಿ ನೋಡುತ್ತಾಳೆ.

ನಿನ್ನೆ ಮತ್ತೆ ಆಸ್ಪತ್ರೆಗೆ ಹೋಗಿದ್ದೆ, ಪ್ಲಾಸ್ಟರ್ ಸಡಿಲವಾಗಿದೆಯೇ ನೋಡಿಸಲು. ಸಾಲು ಅದೇ, ಕಾಯುವುದು ಅದೇ, ಫ್ಯಾನೂ ಕೆಟ್ಟುಹೋಗಿತ್ತು. ಕನ್ನಡಕದವಳು ತಾನಾಗಿಯೇ, “ಹೆಸರು ತಿದ್ದಬೇಕು ಅಂತಿದ್ಯಲ್ಲ, ಇವತ್ತು ಜನ ಕಡ್ಮೆ, ತಿದ್ದಿಕೊಡ್ಲಾ?” ಎಂದಳು. ಇರಲಿ ಬಿಡಿ ಎಂದೆ. ಅವಳು ಕನ್ನಡಕದ ಮೇಲಿಂದ ನೋಡಿ, ಈ ಜನಕ್ಕೆ ಏನು ಬೇಕೋ ದೇವರಿಗೇ ಗೊತ್ತು ಎಂದು ಗೊಣಗಿಕೊಂಡಳು.

ಎವೆಲಿಯೋ ಬರುವ ಬುಧವಾರ ಮತ್ತೆ ಬಂದು ಹೊರಡುತ್ತಾನೆ, ಈ ಕಾಗದ ಅವನ ಅಂಗಿಯೊಳಗೆ ಬರುತ್ತದೆ. ಜೊತೆಗೆ ಹಿಟ್ಟು, ಸೋಪು. ಈ ಸಲವಾದರೂ ಸಿಕ್ಕಿತು ಎಂದು ಹೇಳಿಕಳಿಸು. ಒಂದು ಶಬ್ದ ಸಾಕು, ಬೈಗುಳವಾದರೂ ಪರವಾಗಿಲ್ಲ.

ಇಂತಿ,
ಅಪ್ಪನ ಕಡೆಯಿಂದ ಮಾರ್ಕಾನೋ ಆಗಿದ್ದರೂ ಈ ಊರಿನ ಆಸ್ಪತ್ರೆಗೆ ಬರೀ ರೊಂಡೋನ್ ಆಗಿರುವ ನಿನ್ನ ಮಗಳು
ನೊರೈಮಾ

ಮರೆತ ಮಾತು: ಜೆಟ್ಟಿಯಲ್ಲಿ ಬಿದ್ದ ದಿನ ನನ್ನ ಕೈಯಲ್ಲಿ ಹಿಟ್ಟಿನ ಚೀಲ ಇರಲಿಲ್ಲ. ನಾನು ಪ್ರತಿ ಬುಧವಾರ ಜೆಟ್ಟಿಗೆ ಹೋಗುತ್ತೇನೆ, ಕಳಿಸಲು ಏನಿಲ್ಲದಿದ್ದರೂ. ನಮ್ಮ ಕಡೆಯ ದೋಣಿಯಿಂದ ಯಾರು ಇಳಿಯುತ್ತಾರೆ ಎಂದು ನೋಡುತ್ತೇನೆ. ಅವತ್ತು ಒಬ್ಬ ಹೆಂಗಸು ಇಳಿದಳು. ನೀಲಿ ಲಂಗ, ಸೊಂಟದ ಮೇಲೆ ಬುಟ್ಟಿ, ಬೆನ್ನು ನನ್ನ ಕಡೆಗಿತ್ತು. ಅಮ್ಮಾ ಎಂದು ಕೂಗುತ್ತ ಓಡಿದೆ. ಅವಳು ತಿರುಗಿ ನೋಡಲಿಲ್ಲ, ಅದಕ್ಕೇ ನೀನೇ ಎಂದು ಖಾತ್ರಿಯಾಗಿ ಇನ್ನೂ ಜೋರಾಗಿ ಓಡಿದೆ, ಆಗ ಜಾರಿದ್ದು. ಬಿದ್ದವಳನ್ನು ಎತ್ತಿದ್ದು ಅವಳೇ. ಪಾಪ, ಬೇರೆ ಊರಿನವಳು. ಯಾರ ಮಗಳಮ್ಮ ನೀನು ಎಂದು ಕೇಳಿದಳು. ನಿನ್ನ ಹೆಸರನ್ನೇ ಹೇಳಿದೆ, ಓಮೈರಾ ರೊಂಡೋನಳ ಮಗಳು ಎಂದು. ಅದಕ್ಕೆ ಬೈಯುವುದಿದ್ದರೆ ಎದುರಿಗೆ ನಿಂತು ಬೈ. ಕಡಲು ಸುಮ್ಮನಿರುವ ದಿನ, ಎವೆಲಿಯೋನ ದೋಣಿಯಲ್ಲಿ ಮಾತ್ರ, ಬೇರೆ ಯಾರದೂ ಬೇಡ. ಎಣ್ಣೆ ಇಲ್ಲೇ ಇದೆ, ತರಬೇಕಾಗಿಲ್ಲ. ಯಾವ ಬುಧವಾರ ಬಂದರೂ ನಾನು ಜೆಟ್ಟಿಯಲ್ಲಿರುತ್ತೇನೆ. ಈ ಸಲ ಓಡುವುದಿಲ್ಲ.